ಏರ್ ಇಂಡಿಯಾದ ಮೊದಲ ರಾತ್ರಿ ಬಳ್ಳಾರಿಯೊಳಗ ಕಳೀತು, ಅದನ್ನ ಬಿಟ್ಟು ಬರೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ರವಿವಾರದ ಪುರವಣಿಯಾಗ ಏರ್ ಇಂಡಿಯಾ ಬೆಳೆದು ಬಂದ ಬಗ್ಗೆ ಪೂರಾ ಒಂದು ಪುಟ ಕೊಟ್ಟಿದ್ರಿ, ಚಹಾ ಆರಿ ಹೋಗೋ ತನಕ ಕೂತು ಎರಡು ಸರತಿ ಓದಿದೆ. ಜೆ.ಆರ್.ಡಿ. ಟಾಟಾ ಅವರ ಫೋಟೋ ಐತಿ, ಕಂಪನಿ ಗುರುತಿನ ಬೊಂಬಿ ಬಾಗಿ ನಿಂತ ಮಹಾರಾಜ ಅದಾನ, ಕೊನಿಗೆ ಟಾಟಾದವರ ಕೈಗೆ ವಾಪಸ್ ಬಂದದ್ದೂ ಐತಿ. ಬರದವರ ಶ್ರಮಕ್ಕ ಶರಣು. ಆದ್ರ 1932ರ ಅಕ್ಟೋಬರ್ 15ನೇ ತಾರೀಖಿನ ಮಾತು ಬಂದಾಗ ಕರಾಚಿಯಿಂದ ಮುಂಬೈಗೆ ಮೊದಲ ಹಾರಾಟ ಆತು ಅಂತ ಒಂದ ಸಾಲಿನಾಗ ಮುಗಿಸಿಬಿಟ್ಟಾರ. ಆ ಹಾರಾಟ ಮುಂಬೈದಾಗ ಮುಗೀಲಿಲ್ರಿ. ಅದು ಮದ್ರಾಸ್ ತನಕ ಇತ್ತು, ನಡುವ ನಮ್ಮ ಬಳ್ಳಾರಿಯೊಳಗ ಇಳೀತು, ರಾತ್ರಿ ಅಲ್ಲೇ ಕಳೀತು, ಮರುದಿವಸ ಮದ್ರಾಸಿಗೆ ಹೋತು. ಇದನ್ನ ಹೇಳಾಕನ ಈ ಪತ್ರ ಬರೀಲಿಕ್ಕತ್ತೀನಿ, ಉದ್ದ ಆದ್ರ ಕತ್ತರಿಸ್ರಿ, ಬಳ್ಳಾರಿ ಸುದ್ದಿ ಮಾತ್ರ ಉಳಸ್ರಿ.

ನಾ ಹುಬ್ಬಳ್ಳಿ ಆರ್‌ಎಂಎಸ್‌ನಾಗ 36 ವರ್ಷ ಸಾರ್ಟಿಂಗ್ ಮಾಡಿ ರಿಟೈರ್ ಆದಂವ. ಈಗಿನ ಹುಡುಗರಿಗೆ ಆರ್‌ಎಂಎಸ್ ಅಂದ್ರ ಗೊತ್ತಾಗೂದಿಲ್ಲ, ರೈಲ್ವೆ ಸ್ಟೇಷನ್ ಮಗ್ಗಲಕ ರಾತ್ರಿಯೆಲ್ಲಾ ದೀಪ ಹತ್ತಿರ್ತಿದ್ದ ಟಪಾಲ್ ಆಫೀಸ್ ಅಂದ್ರ ಹಿರೇರಿಗೆ ನೆನಪಾಗ್ತೈತಿ. ಗಾಡಿ ಬಂತಂದ್ರ ಚೀಲ ಇಳಸೂದು, ಅರಗಿನ ಮುದ್ರಿ ಸರಿ ಐತೋ ಇಲ್ಲೋ ನೋಡೂದು, ಸುತಳಿ ಕತ್ತರಿಸಿ ಚೀಲ ಬೋರಲ ಹಾಕೂದು, ಆಮ್ಯಾಲೆ ಒಂದೊಂದ ಪತ್ರ ಊರಿನ ಖಾನಿಗೆ ಒಗಿಯೂದು, ಗದಗ, ಹಾವೇರಿ, ಬಳ್ಳಾರಿ, ಕಾರವಾರ, ಕೈ ತಾನ ಹೋಗ್ತಿತ್ತು. ಖಾಲಿ ಚೀಲ ಸುಮ್ನ ಮಡಚಿಡೋ ಹಂಗಿರಲಿಲ್ಲ, ಒಳಗ ಒಂದು ಕಾರ್ಡು ಸಿಕ್ಕೊಂಡು ಉಳದಿದ್ರ ಅಂತ ತಿರುವಿ ಹಾಕಿ ಝಾಡಿಸಿ ನೋಡತಿದ್ವಿ. ಹಿಂಗಾಗಿ ನಮಗ ವಿಮಾನ ಅಂದ್ರ ಕೂತು ಹೋಗೋದು ಅಂತ ತಲ್ಯಾಗ ಬರ್ತಿರಲಿಲ್ಲ, ಟಪಾಲ್ ಹೊತ್ತು ತರೋದು ಅಂತ ಬರ್ತಿತ್ತು. ಮತ್ತ ಏರ್ ಇಂಡಿಯಾ ಹುಟ್ಟಿದ್ದೂ ಹಂಗ ಐತ್ರಿ, ಟಪಾಲ್ ಚೀಲದಾಗ ಹುಟ್ಟೈತಿ.

ಆವಾಗ ಲಂಡನ್‌ದಿಂದ ಇಂಪೀರಿಯಲ್ ಏರ್‌ವೇಸ್ ವಿಮಾನ ಕರಾಚಿ ತನಕ ಟಪಾಲ್ ತರ್ತಿತ್ತು. ಕರಾಚಿಯಿಂದ ಮುಂಬೈ, ಮದ್ರಾಸಿಗೆ ರೈಲಿನಾಗ ಬರಬೇಕಂದ್ರ ದಿನಗಟ್ಟಲೆ ಆಗ್ತಿತ್ತು. ನೆವಿಲ್ ವಿನ್ಸೆಂಟ್ ಅಂತ ಬ್ರಿಟಿಷ್ ವಾಯುಪಡೆದಾಗ ಇದ್ದು ಬಂದ ಪೈಲಟ್, ಈ ಉಳದ ದಾರಿ ನಾವ್ಯಾಕ ಹಾರಿಸಬಾರದು ಅಂತ ಟಾಟಾದವರ ಹತ್ರ ಬಂದ. ಜೆ.ಆರ್.ಡಿ. ಅವರು 1929ರಾಗ ಭಾರತದೊಳಗ ಕೊಟ್ಟ ಪೈಲಟ್ ಲೈಸೆನ್ಸಿನೊಳಗ ಒಂದನೇ ನಂಬರಿನದ್ದು ತಗೊಂಡಿದ್ರು. ಬಂಡವಾಳ ಎರಡು ಲಕ್ಷ ರೂಪಾಯಿ, ಒಂದ ಇಂಜಿನ್ನಿನ ಪುಸ್ ಮಾತ್ ವಿಮಾನ ಎರಡು, ಜುಹುದಾಗ ಸಮುದ್ರದ ದಂಡಿಗೆ ಗರಿ ಹೊಚ್ಚಿದ ಒಂದು ಶೆಡ್ಡು. ಸರ್ಕಾರ ಸಬ್ಸಿಡಿ ಅಂತ ಒಂದು ಕಾಸೂ ಕೊಡಲಿಲ್ಲ. ಮಳಗಾಲದಾಗ ಜುಹು ಮೈದಾನ ನೀರು ತುಂಬಿ ಕೆಸರಾಗಿ ಹೋಗ್ತಿತ್ತು, ಆವಾಗ ಪುಣೆಕ ಸ್ಥಳಾಂತರ.

ಅಕ್ಟೋಬರ್ 15ಕ್ಕ ಮುಂಜಾನೆ ಜೆ.ಆರ್.ಡಿ. ಒಬ್ಬರ ಕರಾಚಿ ಬಿಟ್ರು, 25 ಕೇಜಿ ಟಪಾಲು ತಗೊಂಡು. ಅಹಮದಾಬಾದ್‌ನಾಗ ಇಳದ್ರ ಪೆಟ್ರೋಲ್ ಡಬ್ಬಿ ಎತ್ತಿನ ಬಂಡಿ ಮ್ಯಾಲೆ ಬಂದಿತ್ತು. ಮಧ್ಯಾಹ್ನ ಜುಹು ಮುಟ್ಟಿದ್ರು. ಎಲ್ಲಾರೂ ಇಲ್ಲಿಗೇ ಕತಿ ನಿಲ್ಲಸ್ತಾರ. ಮುಂದ ಟಪಾಲ್ ಚೀಲ ಇನ್ನೊಂದು ಪುಸ್ ಮಾತ್‌ಗೆ ಹೋತು, ಅದನ್ನ ವಿನ್ಸೆಂಟ್ ಹಾರಿಸಿಕೊಂಡು ಬಳ್ಳಾರಿಗೆ ಬಂದ್ರು. ನಕಾಶಿ ತಗದು ಮುಂಬೈದಿಂದ ಬಳ್ಳಾರಿಗೆ ನೆಟ್ಟಗ ಗೆರಿ ಎಳದು ನೋಡ್ರಿ, ಬಾಗಲಕೋಟಿ ಸೀಮಿ ಮ್ಯಾಲೆ ಹಾಯ್ತೈತಿ. ನೆಟ್ಟಗ ಬಂದಿದ್ರ ಹೊಲದಾಗ ಕೆಲಸ ಮಾಡಾಕತ್ತಿದ್ದ ನಮ್ಮ ಮಂದಿ ತಲಿ ಎತ್ತಿ ನೋಡಿರಬೇಕು, ಅದರಾಗ ವಿಲಾಯತಿ ಪತ್ರ ಅದಾವ ಅಂತ ಯಾರಿಗೆ ಗೊತ್ತಿರ್ತೈತಿ.

ನಂಗ ಯಾವಾಗಲೂ ಕಾಡೂದು ಆ ರಾತ್ರಿರಿ. ನಮ್ಮ ಇಲಾಖೆದಾಗ ಚೀಲ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕಂದ್ರ ಎಣಸಬೇಕು, ಮುದ್ರಿ ನೋಡಬೇಕು, ಸಹಿ ಹಾಕಬೇಕು. ಬಳ್ಳಾರಿಯೊಳಗ ಸಂಜಿಮುಂದ ವಿಮಾನ ಇಳದಾಗ ಅಲ್ಲಿ ನಮ್ಮವ ಒಬ್ಬ ಟಪಾಲಿನಂವ ನಿಂತಿರಬೇಕಲ್ಲ. ಖಾಕಿ ಅಂಗಿ, ಕೈಯಾಗ ಕಂದೀಲು, ಬಗಲಾಗ ವಹಿ. ಅವನ ಹೆಸರು ಯಾವ ಪುಸ್ತಕದಾಗೂ ನಾ ನೋಡಿಲ್ಲ. ಟಾಟಾದವರ ವಿಮಾನ ಸರ್ವಿಸಿನ ಮೊದಲ ರಾತ್ರಿ ಟಪಾಲು ಕಾದದ್ದು ಕನ್ನಡ ಮಾತಾಡೋ ಊರು, ಆ ಊರು ಆವಾಗ ಮದ್ರಾಸ್ ಪ್ರಾಂತ್ಯದಾಗ ಇತ್ತು ಅನ್ನೂದು ಬ್ಯಾರೆ ಮಾತು. ಮುಂದ ಆ ದಾರಿ ಬಳ್ಳಾರಿ ಬಿಟ್ಟು ಹೈದರಾಬಾದ್ ಮ್ಯಾಲೆ ತಿರುಗಿತು, ಊರಿನ ಹೆಸರೂ ಹಂಗ ಅಳಿಸಿ ಹೋತು.

ಮೊದಲ ವರ್ಷದ ಲೆಕ್ಕ ನೋಡಿದ್ರ ಅದು ಟಪಾಲ್ ಕಂಪನಿ ಅನ್ನೂದು ಪಕ್ಕಾ ಆಗ್ತೈತಿ. 1 ಲಕ್ಷ 60 ಸಾವಿರ ಮೈಲಿ ಹಾರ್ಯಾರ, ಕೂತು ಹೋದ ಪ್ಯಾಸೆಂಜರ್ ಬರೇ 155 ಮಂದಿ, ಟಪಾಲು ಮಾತ್ರ ಹತ್ತು ಟನ್ನಿನ ಹತ್ರ ಹತ್ರ. ಲಾಭ 60 ಸಾವಿರ ರೂಪಾಯಿ. ಅಂದ್ರ ಈ ಕಂಪನಿ ಕಾಲೂರಿ ನಿಂತದ್ದು ಯಾರದೋ ತಾಯಿ ಯಾರದೋ ಮಗನಿಗೆ ಬರದ ಪತ್ರದ ಮ್ಯಾಲೆ, ವ್ಯಾಪಾರಿಗಳ ಹುಂಡಿ ಕಾಗದದ ಮ್ಯಾಲೆ. ಸೀಟು, ಊಟ, ಗಗನಸಖಿ, ಮಹಾರಾಜ ಎಲ್ಲಾ ಆಮ್ಯಾಲೆ ಬಂದದ್ದು. ಮಹಾರಾಜ ಬಂದದ್ದು 1946ರಾಗ, ಕಂಪನಿಯ ಬಾಬಿ ಕೂಕಾ ಮತ್ತ ಚಿತ್ರ ಬರದ ಉಮೇಶ್ ರಾವ್ ಇಬ್ಬರ ಕೈಯಿಂದ. ಅದ ವರ್ಷ ಜುಲೈದಾಗ ಟಾಟಾ ಏರ್‌ಲೈನ್ಸ್ ಅನ್ನೋ ಹೆಸರು ಹೋಗಿ ಏರ್ ಇಂಡಿಯಾ ಆತು. 1948ರ ಜೂನ್ 8ಕ್ಕ ಮಲಬಾರ್ ಪ್ರಿನ್ಸೆಸ್ ಅನ್ನೋ ಕಾನ್‌ಸ್ಟಲೇಶನ್ ವಿಮಾನ ಮುಂಬೈ ಬಿಟ್ಟು ಕೈರೋ, ಜಿನೀವಾ ಮ್ಯಾಲೆ ಹಾದು ಲಂಡನ್ ಮುಟ್ಟಿತು. ಹದಿನಾರು ವರ್ಷದ ಹಿಂದ ಲಂಡನ್ ಟಪಾಲಿಗೆ ಕರಾಚಿಯೊಳಗ ಕಾದು ನಿಲ್ಲತಿದ್ದ ಕಂಪನಿ ತಾನ ಲಂಡನ್‌ಗೆ ಹೋತು, ಇದು ಸಣ್ಣ ಮಾತಲ್ರಿ.

ಇನ್ನೊಂದು ಸಂಗತಿ ನಿಮ್ಮ ಲೇಖನದಾಗ ಪೂರಾ ಬಿಟ್ಟು ಹೋಗೇತಿ, ಅದು ರಾತ್ರಿ ಟಪಾಲ್ ವಿಮಾನ. ನಾ ನೌಕರಿಗೆ ಸೇರಿದಾಗ ಅದು ನಿಂತು ಹೋಗಿತ್ತು, ಆದ್ರ ನಮ್ಮ ಸೀನಿಯರ್‌ಗಳು ರಾತ್ರಿ ಪಾಳಿಯಾಗ ಚಹಾ ಕುಡಕೊಂತ ಅದರ ಕತಿ ಹೇಳ್ತಿದ್ರು. 1949ರ ಜನವರಿ 30ಕ್ಕ ಶುರು ಆತು. ದಿಲ್ಲಿ, ಮುಂಬೈ, ಕಲಕತ್ತಾ, ಮದ್ರಾಸ್, ನಾಕೂ ಕಡಿಯಿಂದ ರಾತ್ರಿ ಒಂದೊಂದು ವಿಮಾನ ಟಪಾಲ್ ಚೀಲ ತುಂಬಕೊಂಡು ಹೊರಡ್ತಿದ್ವು, ನಡುರಾತ್ರಿ ಎಲ್ಲಾವೂ ನಾಗಪುರದಾಗ ಕೂಡ್ತಿದ್ವು. ಅಲ್ಲಿ ಚೀಲ ಅದಲಿ ಬದಲಿ ಆಗ್ತಿತ್ತು, ಮುಂಬೈ ಚೀಲ ಕಲಕತ್ತಾ ವಿಮಾನಕ್ಕ, ಮದ್ರಾಸ್ ಚೀಲ ದಿಲ್ಲಿ ವಿಮಾನಕ್ಕ, ಬೆಳಗಾಗೋದ್ರಾಗ ಎಲ್ಲಾವೂ ತಮ್ಮ ತಮ್ಮ ಊರಿಗೆ ವಾಪಸ್. ಗುಂತಕಲ್ಲ್ಯಾಗ ನಾಕು ಕಡಿ ಗಾಡಿ ಬಂದು ಕೂಡ್ತಾವಲ್ಲ, ಹಂಗ ನೋಡ್ರಿ, ಆದ್ರ ಆಕಾಶದಾಗ, ಕತ್ತಲದಾಗ, ಡಕೋಟಾ ವಿಮಾನದಾಗ. ಅದ ವರ್ಷ ಏಪ್ರಿಲ್‌ದಿಂದ ದೇಶದ ಒಳಗಿನ ಪತ್ರಕ್ಕ, ಕಾರ್ಡಿಗೆ ಬ್ಯಾರೆ ರೊಕ್ಕ ತಗೊಳ್ಳದನ ವಿಮಾನದಾಗ ಒಯ್ಯೋ ಪದ್ಧತಿ ಬಂತು. ಬಡವ ಬರದ ಕಾರ್ಡೂ ವಿಮಾನ ಏರಿತು ಅಂತಿದ್ರು ನಮ್ಮ ಸೀನಿಯರ್. 1953ರ ಮ್ಯಾಲೆ ಈ ರಾತ್ರಿ ಟಪಾಲನ್ನ ಇಂಡಿಯನ್ ಏರ್‌ಲೈನ್ಸ್ ನಡಸ್ತು, 1973ಕ್ಕ ಬಂದ್ ಆತು.

1953ರ ಆಗಸ್ಟ್ 1ಕ್ಕ ಸರ್ಕಾರ ಎಲ್ಲಾ ಕಂಪನಿ ತನ್ನ ಕೈಗೆ ತಗೊಂಡು ಎರಡು ನಿಗಮ ಮಾಡಿತು, ಹೊರದೇಶಕ್ಕ ಏರ್ ಇಂಡಿಯಾ ಇಂಟರ್‌ನ್ಯಾಷನಲ್, ಒಳಗ ಇಂಡಿಯನ್ ಏರ್‌ಲೈನ್ಸ್. ಅದಾಗಿ ಎರಡು ತಿಂಗಳಿಗೆ, ಅಕ್ಟೋಬರ್ 1ಕ್ಕ, ಬಳ್ಳಾರಿ ಮೈಸೂರು ರಾಜ್ಯಕ್ಕ ಸೇರಿತು. ನಿಮ್ಮ ಲೇಖನದಾಗ ಸರ್ಕಾರ ಕೈ ಹಾಕಿದ್ದಕ್ಕನ ಎಲ್ಲಾ ಕೆಟ್ಟು ಹೋತು ಅನ್ನೋ ಧಾಟಿ ಐತಿ, ಅದನ್ನ ನಾ ಒಪ್ಪೂದಿಲ್ರಿ. ಸರ್ಕಾರದ್ದ ಆಗಿದ್ದಾಗ 1960ರಾಗ ಬೋಯಿಂಗ್ 707 ಬಂದ್ವು, ಅದ ವರ್ಷ ನ್ಯೂಯಾರ್ಕ್ ಮುಟ್ಟಿದ್ರು, 1962ಕ್ಕ ಹಳೇ ಪಂಖದ ವಿಮಾನ ಎಲ್ಲಾ ತಗದು ಪೂರಾ ಜೆಟ್ ವಿಮಾನದ ಕಂಪನಿ ಆದ್ರು, ಜಗತ್ತಿನಾಗ ಹಂಗ ಮಾಡಿದ್ದು ಅವರ ಮೊದಲು. 1971ರಾಗ ಜಂಬೋ ಬಂತು. ಚೇರ್ಮನ್ ಜೆ.ಆರ್.ಡಿ. ಅವರ ಇದ್ರು, ಒಳ್ಳೇ ಯಜಮಾನ ಇದ್ರ ಸರ್ಕಾರಿ ಸಂಸ್ಥೆನೂ ನಡೀತೈತಿ ಅನ್ನೂದಕ್ಕ ಇದಕ್ಕಿಂತ ಬ್ಯಾರೆ ಸಾಕ್ಷಿ ಯಾಕ ಬೇಕು. 1978ರಾಗ ಅವರನ್ನ ತಗದ್ರು, ಅದು ತಪ್ಪು. 2007ರಾಗ ಎರಡೂ ಸಂಸ್ಥೆ ಕೂಡಿಸಿದ್ರು, ಪಗಾರ ಬ್ಯಾರೆ, ಸೀನಿಯಾರಿಟಿ ಬ್ಯಾರೆ, ವಿಮಾನದ ಜಾತಿ ಬ್ಯಾರೆ, ಅದರ ಮ್ಯಾಲೆ 111 ಹೊಸಾ ವಿಮಾನದ ಸಾಲ. ಸಾಲ ಮಾಡಿದವರು ಒಬ್ಬರು, ಬೈಸಿಕೊಂಡವರು ಕೌಂಟರಿನಾಗ ಕೂತ ನೌಕರರು. ಇದನ್ನ ಸರ್ಕಾರಿ ನೌಕರಿ ಮಾಡಿದಂವ ನಾನು ಸಂಕಟದಿಂದ ಬರೀತೀನಿ.

ಈಗ ನನ್ನ ಮನಿ ಸುದ್ದಿ ಒಂದು ಹೇಳ್ತೀನಿ, ಯಾಕಂದ್ರ ಅದರ ಸಲುವಾಗಿನ ಈ ಕಂಪನಿ ಮ್ಯಾಲೆ ನಂಗ ಇಷ್ಟು ಜೀವ. ನನ್ನ ತಮ್ಮ ಕುವೈತ್‌ನಾಗ ಎಲೆಕ್ಟ್ರಿಷಿಯನ್ ಕೆಲಸಕ್ಕಿದ್ದ. ತಿಂಗಳಿಗೆ ಒಂದು ಪತ್ರ, ತೆಳ್ಳನ ಲಕೋಟಿ, ಅಂಚಿಗೆ ಕೆಂಪು ನೀಲಿ ಪಟ್ಟಿ. ಮುಂಬೈ ತನಕ ವಿಮಾನ, ಮುಂದ ರೈಲು, ಹುಬ್ಬಳ್ಳಿಗೆ ಬಂದು ಭಾಳ ಸಲ ನನ್ನ ಖಾನಿಗೇ ಬೀಳ್ತಿತ್ತು. ಕೈಯಾಗ ಹಿಡದೀನಿ, ತಮ್ಮನ ಅಕ್ಷರ ಕಾಣಾಕತ್ತೇತಿ, ಮ್ಯಾಲೆ ಅವ್ವನ ಹೆಸರು ಐತಿ, ಆದ್ರ ಒಡಿಯೋ ಹಂಗಿಲ್ಲ, ಕಿಸೆದಾಗ ಇಟ್ಟಕೊಂಡು ಮನಿಗೆ ಒಯ್ಯೋ ಹಂಗೂ ಇಲ್ಲ. ನಮ್ಮ ಭಾಗದ ಪತ್ರದ ಕಟ್ಟಿನೊಳಗ ಹಾಕಿ, ಪೋಸ್ಟ್‌ಮ್ಯಾನ್ ಬಂದು ಬಾಗಲಾಗ ಕೊಟ್ಟ ಮ್ಯಾಲೇನ ಅವ್ವನ ಮುಂದ ಒಡದು ಓದತಿದ್ದೆ. ಬಂದೈತಿ ಅಂತ ಮೊದಲ ಹೇಳಿದ್ರೂ ಅವ್ವ ರಾತ್ರಿಯೆಲ್ಲಾ ಮಲಗತಿರಲಿಲ್ಲ, ಅದಕ್ಕ ಅದನ್ನೂ ಹೇಳತಿರಲಿಲ್ಲ.

1990ರ ಆಗಸ್ಟ್ 2ಕ್ಕ ಇರಾಕ್ ಸೈನ್ಯ ಕುವೈತ್ ಒಳಗ ನುಗ್ಗಿತು, ಪತ್ರ ನಿಂತು ಹೋದ್ವು. ದಿನಾ ಚೀಲ ಬೋರಲ ಹಾಕಿದಾಗ ಆ ಕೆಂಪು ನೀಲಿ ಅಂಚು ಹುಡುಕತಿದ್ದೆ, ಸೌದಿದ್ದು ಬರ್ತಿತ್ತು, ದುಬೈದ್ದು ಬರ್ತಿತ್ತು, ಕುವೈತ್‌ದು ಇಲ್ಲ. ಅವ್ವ ಏನೂ ಕೇಳತಿರಲಿಲ್ಲ, ನಾ ಡ್ಯೂಟಿ ಮುಗಿಸಿ ಬಂದ ಕೂಡಲೆ ಮಾರಿ ನೋಡತಿದ್ಲು ಅಷ್ಟ. ಸೆಪ್ಟೆಂಬರ್‌ನಾಗ ಮುಂಬೈದಿಂದ ಟೆಲಿಗ್ರಾಂ ಬಂತು, ಮುಟ್ಟೀನಿ ಅಂತ. ತಮ್ಮ ಬಸ್ಸಿನಾಗ ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಅಮ್ಮಾನ್, ಅಲ್ಲಿ ಡೇರೆದಾಗ ದಿನ ಕಳದು ಏರ್ ಇಂಡಿಯಾ ವಿಮಾನ ಹತ್ತಿ ಮುಂಬೈಗೆ ಬಂದಿದ್ದ. ಟಿಕೆಟ್ಟಿಗೆ ರೊಕ್ಕ ಯಾರೂ ಕೇಳಲಿಲ್ಲಂತ. ಮುಂಬೈದಿಂದ ಮಿರಜ, ಮಿರಜಿನಾಗ ಗಾಡಿ ಬದಲಿಸಿ ಮೀಟರ್‌ಗೇಜ್ ಗಾಡಿಯೊಳಗ ಹುಬ್ಬಳ್ಳಿ. ಪ್ಲಾಟ್‌ಫಾರ್ಮಿಗೆ ಇಳದಾಗ ಕೈಯಾಗ ಒಂದು ಸಣ್ಣ ಚೀಲ ಬಿಟ್ರ ಏನೂ ಇರಲಿಲ್ಲ, ಏಳು ವರ್ಷದ ದುಡಿಮಿ ಅಲ್ಲೇ ಬಿಟ್ಟು ಬಂದಿದ್ದ. ಚೀಲದಾಗಿಂದ ವಿಮಾನದಾಗ ಚಹಾಕ್ಕ ಕೊಟ್ಟ ಸಕ್ಕರಿ ಪುಡಿಕಿ ಒಂದು ತಗದು ಅವ್ವನ ಕೈಗೆ ಕೊಟ್ಟ. ಅವ್ವ ಅದನ್ನ ಒಡೀಲಿಲ್ಲ, ದೇವರ ಜಗಲಿ ಮ್ಯಾಲೆ ಕುಂಕುಮ ಭರಣಿ ಹಿಂದ ಇಟ್ಟಳು, ಆಕಿ ಹೋಗೋ ತನಕ ಅಲ್ಲೇ ಇತ್ತು, ಒಳಗ ಸಕ್ಕರಿ ಗಟ್ಟಿ ಆಗಿ ಕಲ್ಲಾಗಿತ್ತು.

ಹಂಗ ಕುವೈತ್‌ದಾಗ ಸಿಕ್ಕೊಂಡ ನಮ್ಮ ಮಂದಿನ್ನ ತಂದದ್ದು 59 ದಿನದಾಗ 488 ಹಾರಾಟ, 1 ಲಕ್ಷ 11 ಸಾವಿರಕ್ಕೂ ಹೆಚ್ಚು ಮಂದಿ, ಗಿನ್ನೆಸ್ ದಾಖಲೆ ಐತಿ. ನಿಮ್ಮ ಲೇಖನದಾಗ ಇದಕ್ಕ ಒಂದೂವರೆ ಸಾಲು ಕೊಟ್ಟೀರಿ. ಲಾಭ ನಷ್ಟದ ಲೆಕ್ಕ ಬರೆಯುವಾಗ ಈ ಲೆಕ್ಕನೂ ಹಿಡೀಬೇಕಲ್ರಿ, ನಮ್ಮಂಥಾ ಎಷ್ಟು ಮನಿ ಜಗಲಿ ಮ್ಯಾಲೆ ಏನೇನು ಇಟ್ಟಕೊಂಡು ಕೂತಾವೋ.

ದುಃಖದ ದಿನಾನೂ ಅದಾವ, ಅವನ್ನ ಬಿಟ್ಟು ಇತಿಹಾಸ ಆಗೂದಿಲ್ಲ. 1985ರಾಗ ಕನಿಷ್ಕ ವಿಮಾನಕ್ಕ ಬಾಂಬ್ ಇಟ್ಟು 329 ಜನರನ್ನ ಕೊಂದ್ರು, 2010ರ ಮೇ 22ಕ್ಕ ನಮ್ಮ ಮಂಗಳೂರಿನಾಗ 158 ಮಂದಿ ಹೋದ್ರು, 2025ರ ಜೂನ್ 12ಕ್ಕ ಅಹಮದಾಬಾದಿನಾಗ ವಿಮಾನದೊಳಗಿದ್ದ 242 ಮಂದಿಯಾಗ ಒಬ್ಬನ ಉಳದ. ಎತ್ತಿನ ಬಂಡಿ ಮ್ಯಾಲೆ ಪೆಟ್ರೋಲ್ ತಂದು ಕೊಟ್ಟ ಊರು ಅದ. ಆ ದಿನ ಟಿವಿ ನೋಡಿ ನಮ್ಮ ಓಣ್ಯಾಗ ಯಾರ ಮನ್ಯಾಗೂ ಸರಿ ಊಟ ಆಗಲಿಲ್ಲ.

2022ರ ಜನವರಿ 27ಕ್ಕ ಕಂಪನಿ ಟಾಟಾದವರಿಗೆ ವಾಪಸ್ ಹೋತು, 18,000 ಕೋಟಿ ವ್ಯವಹಾರ. ಈಗ ಅದು ಖಾಸಗಿ, ಎಲ್ಲಿ ಹಾರಸಬೇಕು ಎಲ್ಲಿ ಬ್ಯಾಡ ಅವರ ಇಚ್ಛಾ. ನಮ್ಮ ಹುಬ್ಬಳ್ಳಿಗೆ ವಿಮಾನದ ರುಚಿ ಹಚ್ಚಿದ್ದು ಬ್ಯಾರೆಯವರು, 2003ರ ಆಗಸ್ಟ್‌ನಾಗ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಬೆಂಗಳೂರು ಹುಬ್ಬಳ್ಳಿ ನಡುವ ಶುರು ಆದಾಗ ಗೋಕುಲ ರೋಡಿನ ಬೇಲಿ ಹಿಂದ ನಿಂತು ಮಕ್ಕಳನ್ನ ಹೆಗಲ ಮ್ಯಾಲೆ ಕುಂಡ್ರಿಸಿಕೊಂಡು ನೋಡಿದವರೊಳಗ ನಾನೂ ಒಬ್ಬ. ಈಗ ಟರ್ಮಿನಲ್ ಹೊಸಾದು, ಮುಂಜಾನೆ ಹೋಗಿ ಸಂಜಿಗೆ ಬರೋ ವ್ಯಾಪಾರಿಗಳು ಅದಾರ, ಒಳ್ಳೇದು. ವಿಮಾನ ಬಿಡ್ರಿ ಅಂತ ಕೇಳಾಕ ನಾ ಈ ಪತ್ರ ಬರದಿಲ್ಲ.

ಕೇಳೂದು ಇಷ್ಟ. 2032ರ ಅಕ್ಟೋಬರ್ 15ಕ್ಕ ಆ ಮೊದಲ ಹಾರಾಟಕ್ಕ ನೂರು ವರ್ಷ. 50 ವರ್ಷ ಆದಾಗ, 1982ರಾಗ, ಜೆ.ಆರ್.ಡಿ. ತಮ್ಮ 78ನೇ ವಯಸ್ಸಿನಾಗ ಹಳೇ ಕಾಲದ ಸಣ್ಣ ವಿಮಾನ ಒಬ್ಬರ ಹಾರಿಸಿಕೊಂಡು ಕರಾಚಿಯಿಂದ ಜುಹುಕ್ಕ ಬಂದ್ರು, ಅಂಚೆ ಇಲಾಖೆ ಪುಸ್ ಮಾತ್ ಇರೋ ಚೀಟಿ ತಂತು, ಆ ಚೀಟಿ ನನ್ನ ಆಲ್ಬಮ್ಮಿನಾಗ ಐತಿ. ಬಳ್ಳಾರಿ ಮಾತು ಆವಾಗಲೂ ಯಾರೂ ಎತ್ತಲಿಲ್ಲ. ಈ ಸರತಿ ಹಂಗ ಆಗಬಾರದು. ಅಂಚೆ ಇಲಾಖೆಯವರು ಬಳ್ಳಾರಿ ಮುದ್ರಿ ಹಾಕಿ ಒಂದು ವಿಶೇಷ ಲಕೋಟಿ ತರಲಿ, ಬಳ್ಳಾರಿಯೊಳಗ ಆ ವಿಮಾನ ಇಳದ ಜಾಗಾ ಗೊತ್ತು ಮಾಡಿ ಕನ್ನಡದಾಗ ಒಂದು ಕಲ್ಲು ನಿಲ್ಲಸಲಿ, ಹುಬ್ಬಳ್ಳಿ ಟರ್ಮಿನಲ್ ಗೋಡಿಗೆ ಕರಾಚಿ, ಅಹಮದಾಬಾದ್, ಮುಂಬೈ, ಬಳ್ಳಾರಿ, ಮದ್ರಾಸ್ ಅಂತ ಆ ದಾರಿಯ ನಕಾಶಿ ಒಂದು ಹಾಕಲಿ. ಧಾರವಾಡದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಹುಡುಗರು ಮನಸ್ಸು ಮಾಡಿದ್ರ ಹಳೇ ಟಪಾಲ್ ದಫ್ತರ ಹುಡುಕಬಹುದು, ಕಂದೀಲು ಹಿಡದು ನಿಂತಿದ್ದ ಆ ಟಪಾಲಿನವನ ಹೆಸರು ಎಲ್ಲರ ಒಂದು ವಹಿಯೊಳಗ ಸಹಿ ರೂಪದಾಗ ಇರಬಹುದು.

ಮತ್ತ ನಿಮ್ಮ ಪತ್ರಿಕೆ ಬಳ್ಳಾರಿ, ಹೊಸಪೇಟಿ, ಸಿರುಗುಪ್ಪ ಎಲ್ಲಾ ಕಡೆ ಹೋಗ್ತೈತಿ. ಯಾರ ಮನ್ಯಾಗರ ಅಜ್ಜನ ಟ್ರಂಕಿನಾಗ 1932ರ ಅಕ್ಟೋಬರ್ ಮುದ್ರಿ ಇರೋ ಹಳೇ ಏರ್‌ಮೇಲ್ ಲಕೋಟಿ ಇದ್ರ, ಇಲ್ಲಾ ವಿಮಾನ ಇಳದದ್ದು ನಮ್ಮಪ್ಪ ನೋಡಿದ್ದ ಅಂತ ಹೇಳೋ ಹಿರೇರು ಇದ್ರ, ಪತ್ರಿಕೆ ಕಚೇರಿಗೆ ಒಂದು ಕಾರ್ಡ್ ಬರೀರಿ ಅಂತ ದಯವಿಟ್ಟು ಒಂದು ಮೂಲ್ಯಾಗ ಹಾಕ್ರಿ. ಸುದ್ದಿ ಬಂದ್ರ ನಂಗ ತಿಳಸ್ರಿ, ಅಮರಾವತಿ ಎಕ್ಸ್‌ಪ್ರೆಸ್ ಹಿಡದು ನಾನ ಹೋಗಿ ಬರ್ತೀನಿ. ಲಕೋಟಿ ಕೇಳೂದಿಲ್ಲ, ಕೈಯಾಗ ಹಿಡದು ಮುದ್ರಿ ಓದಿ ವಾಪಸ್ ಕೊಡ್ತೀನಿ.

ಇಂತಿ ನಿಮ್ಮ ಓದುಗ,
ನಿವೃತ್ತ ಆರ್‌ಎಂಎಸ್ ನೌಕರ,
ಹುಬ್ಬಳ್ಳಿ